ಒಂದೇ ಮೊಣಕೈ ಮೇಲೆ

ಅಪ್ಪಾ,

ನೀನು ಸತ್ತಿದ್ದೀಯ, ಇದನ್ನ ಓದಲ್ಲ. ಬದುಕಿದ್ದಾಗಲೂ ನಮ್ಮ ಮಾತು ಕೇಳಿದವನಲ್ಲ, ಬಿಡು.

ಇವತ್ತು ಚರ್ಮದ ಡಾಕ್ಟರು ನನ್ನ ಮೊಣಕೈ ನೋಡಿದರು. ನಿನ್ನ ಸೋರಿಯಾಸಿಸ್, ಅಮ್ಮನ ತೊನ್ನು, ಎರಡೂ ಒಂದೇ ಕಡೆ ಬಂದಿವೆ. "ಎರಡಕ್ಕೂ ನಂಟಿರಬಹುದು, ಇನ್ನೂ ಖಚಿತ ಇಲ್ಲ. ಆದರೆ ಮುಟ್ಟಿದರೆ ಯಾವುದೂ ಅಂಟಲ್ಲ" ಅಂದರು.

ಅಂಟುತ್ತೆ ಅಂತ ಅಮ್ಮನ ಬಟ್ಟೇನ ನಿನ್ನ ಇಸ್ತ್ರಿ ಮೇಜಿಗೆ ತಾಗಿಸದ ಮಹಾನುಭಾವ ನೀನು! ನಿನ್ನ ಕೈಯಿಂದ ಗಿರಾಕಿಯ ಕರಿಕೋಟಿನ ಮೇಲೆ ಹೊಟ್ಟು ಉದುರಿದರೆ ಮಾತ್ರ ಊದಿ ಮಡಚಿಡ್ತಿದ್ದೆ. "ಶಾಖಕ್ಕೆ ಚರ್ಮ ಒಣಗಿದೆ" ಅಂತಿದ್ದೆ. ಅಮ್ಮ ಕೊನೇವರೆಗೂ ಸುಕ್ಕುಬಟ್ಟೇಲೇ ಓಡಾಡಿದಳು. ನಾನೂ ಅವಳಿಗೋಸ್ಕರ ಇಸ್ತ್ರಿಪೆಟ್ಟಿಗೆ ಮುಟ್ಟಲಿಲ್ಲ.

ಅವಳ ಪಕ್ಕ ಕೂರೋಕೂ ಹೇಸ್ತಿದ್ದವನು ಈಗ ಅಂಟಿಕೊಂಡೇ ಕೂತಿದ್ದೀಯ. ಡಾಕ್ಟರು ಎರಡಕ್ಕೂ ಒಂದೇ ಮುಲಾಮು ಕೊಟ್ಟಿದ್ದಾರೆ. ಅವಳನ್ನ ಸವರಬೇಕಂದ್ರೆ ನಿನ್ನನ್ನೂ ಸವರಬೇಕು, ನನ್ನ ಕರ್ಮ.