ಖಾಲಿ ಜೀಪು ನೋಡಿ ಹಾಕಿದ ಸಹಿ

ಸರಕಾರಿ ವಾಹನಗಳ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನೀವು ಕ್ಷೇಮವಾಗಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನೀವು ಓಡಾಡುವ ಕಾರಿಗೆ ಕಂಪನಿಯವರು ಹಾಕಿಕೊಟ್ಟ ಟಾಯರುಗಳೇ ಇವೆ. ಕ್ಷೇಮವಿಲ್ಲದವನು ಅಲ್ತಾಫ. ಹಾನಗಲ್ಲ ಸೀಮೆಯ ಹಳ್ಳಿಗಳಿಗೆ ಪಶುವೈದ್ಯರನ್ನು ಕರೆದೊಯ್ಯುವ ಜೀಪಿನ ಚಾಲಕ, ಬಂಕಾಪುರದವನು. ಬಲ ಹೆಗಲಿನ ಎಲುಬು ಮುರಿದುಕೊಂಡು ಮನೆಯಲ್ಲಿ ಮಲಗಿದ್ದಾನೆ. ‘ಅತಿವೇಗ, ಅಜಾಗರೂಕತೆ ಮತ್ತು ಸುಳ್ಳು ಹೇಳಿಕೆ’ ಎಂಬ ಮೂರು ಕಾರಣ ಕೊಟ್ಟು ನೀವು ಅವನನ್ನು ಕೆಲಸದಿಂದ ದೂರವಿಟ್ಟಿದ್ದೀರಿ, ಅವನ ಲೈಸೆನ್ಸ್ ರದ್ದು ಮಾಡಬೇಕೆಂದು ಶಿಫಾರಸು ಬರೆದಿದ್ದೀರಿ. ಆ ಮೂರರಲ್ಲಿ ಒಂದೂ ನಿಜವಲ್ಲ. ಇದು ನಿಮಗೂ ಗೊತ್ತು, ನನಗೂ ಗೊತ್ತು. ನನಗೆ ಹೇಗೆ ಗೊತ್ತೆಂದರೆ, ನಿಮ್ಮ ಆದೇಶದಂತೆ ಆ ಜೀಪಿಗೆ ಅಳತೆ ಮೀರಿದ ಟಾಯರು ಹಾಕಿದವಳು ನಾನೇ.

ಅಕ್ಕಿಆಲೂರಿನ ಅಕ್ಕಿ ಗಿರಣಿಗಳ ಸಾಲಿನಲ್ಲಿ ನಮ್ಮ ಟಾಯರ್ ಅಂಗಡಿಯಿದೆ. ನಮ್ಮದು ಮೂಲತಃ ಸವಣೂರು. ಅಪ್ಪ ಫಕ್ರುಸಾಬ ಮೂವತ್ತೈದು ವರ್ಷ ಜೀಪುಗಳನ್ನು ರಿಪೇರಿ ಮಾಡಿದವರು. ನಾನು ಡಿಪ್ಲೊಮಾ ಮುಗಿಸಿ ಅವರ ಜೊತೆ ನಿಂತು ಒಂಬತ್ತು ವರ್ಷವಾಯಿತು. ಹೆಣ್ಣುಮಗಳು ಜಾಕು ಹಚ್ಚುವುದನ್ನು ನೋಡಲೆಂದೇ ಮೊದಮೊದಲು ಜನ ಬರುತ್ತಿದ್ದರು. ಈಗ ಗಾಳಿ ತುಂಬಿಸಲು ಬರುತ್ತಾರೆ. ಇಷ್ಟು ಪರಿಚಯ ಸಾಕು, ಏಕೆಂದರೆ ನಿಮ್ಮ ಕಡತದಲ್ಲಿ ನನ್ನನ್ನು ‘ನುರಿತ ತಂತ್ರಜ್ಞೆ’ ಎಂದು ಬರೆದುಕೊಂಡಿದ್ದೀರಂತೆ. ಆ ಗೌರವದ ಬಗ್ಗೆ ಆಮೇಲೆ ಮಾತಾಡೋಣ.

ಈ ಕಥೆ ಶುರುವಾದದ್ದು ಕೆಸರಿನಲ್ಲಿ. ಕಳೆದ ಜುಲೈನಲ್ಲಿ ನೀವು ಆಡೂರಿನ ಕಡೆ ತಪಾಸಣೆಗೆಂದು ಅದೇ ಜೀಪಿನಲ್ಲಿ ಹೋಗಿದ್ದಿರಿ. ಹೊಲದ ದಾರಿ ಬೇಡವೆಂದು ಅಲ್ತಾಫ ಹೇಳಿದರೂ ಕೇಳದೆ ಅತ್ತಲೇ ಗಾಡಿ ಬಿಡಿಸಿದಿರಿ. ಜೀಪು ಹೂತುಹೋಯಿತು. ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬೂಟುಗಳನ್ನು ಕೈಯಲ್ಲಿ ಹಿಡಿದು ನೀವು ಬದುವಿನ ಮೇಲೆ ನಿಂತಿದ್ದಾಗ ಒಂದು ಟ್ರ್ಯಾಕ್ಟರ್ ಬಂದು ಜೀಪನ್ನು ಎಳೆಯಿತು. ಯಾರೋ ಮೊಬೈಲಿನಲ್ಲಿ ಅದನ್ನು ಹಿಡಿದರು. ಸಂಜೆಯ ಹೊತ್ತಿಗೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಲ್ಲರ ಫೋನಿನಲ್ಲೂ ನಿಮ್ಮ ಬರಿಗಾಲಿನ ದರ್ಶನವಾಯಿತು. ನಕ್ಕವರಲ್ಲಿ ನಾನೂ ಒಬ್ಬಳು, ಸುಳ್ಳೇಕೆ ಹೇಳಲಿ? ಮೂರನೆಯ ದಿನ ನಿಮ್ಮ ಆದೇಶ ಹೊರಬಿತ್ತು: ಜೀಪಿಗೆ ದೊಡ್ಡ ಟಾಯರು ಹಾಕಿಸತಕ್ಕದ್ದು.

ದೊಡ್ಡ ಟಾಯರು ಹಾಕಬಾರದೆಂದು ನಾನು ಹೇಳುತ್ತಿಲ್ಲ. ಹಾಕುವ ಕ್ರಮವಿದೆ. ಇಪ್ಪತ್ತೆಂಟು ಇಂಚಿನ ಗಾಲಿ ತೆಗೆದು ಮೂವತ್ತೆರಡು ಇಂಚಿನದು ಹಾಕಿದರೆ ಗಾಲಿಯ ನಡುವಿನಿಂದ ಎಲ್ಲ ದಿಕ್ಕಿಗೂ ಎರಡೆರಡು ಇಂಚು ಹೆಚ್ಚಾಗುತ್ತದೆ. ಮಡ್‌ಗಾರ್ಡಿನ ಒಳಗೆ ಕಂಪನಿಯವರು ಬಿಟ್ಟ ಜಾಗ ಅಂದಕ್ಕೆ ಬಿಟ್ಟದ್ದಲ್ಲ. ಗಾಡಿಯಲ್ಲಿ ಜನ, ಸಾಮಾನು ತುಂಬಿದಾಗ, ಗುಂಡಿಗೆ ಇಳಿದಾಗ ಸ್ಪ್ರಿಂಗ್ ಕುಗ್ಗಿ ಗಾಲಿ ಆ ಜಾಗದೊಳಕ್ಕೆ ಏರುತ್ತದೆ. ಅದಕ್ಕೇ ದೊಡ್ಡ ಟಾಯರು ಬೇಕೆಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲ ಬದಲಿಸಿ ಗಾಡಿಯನ್ನು ಎತ್ತರಿಸಬೇಕು, ಬ್ರೇಕು ನೋಡಬೇಕು, ವೇಗ ತೋರಿಸುವ ಮುಳ್ಳನ್ನು ಸರಿಪಡಿಸಬೇಕು, ಅದಕ್ಕೆಲ್ಲ ಮೇಲಿನವರ ಅನುಮತಿ ತರಬೇಕು. ಇದನ್ನು ನಾನು ಫೋನಿನಲ್ಲಿ ನಿಮಗೆ ಹೇಳಿದೆ. ನೀವು ಏನೆಂದಿರಿ, ನೆನಪಿದೆಯೇ?

“ಟಾಯರ್ ಹಾಕ್ರಿ ಅಂದ್ರ ಟಾಯರ್ ಹಾಕ್ರಿ. ಗಾಡಿ ಡಿಸೈನ್ ಮಾಡ್ರಿ ಅಂತ ನಿಮಗ್ಯಾರು ಹೇಳ್ಯಾರ?”

ನಿಮ್ಮ ಈ ಸಿಟ್ಟಿನ ಗುಟ್ಟು ಆಮೇಲೆ ನಿಮ್ಮ ಕಚೇರಿಯ ಸಿಬ್ಬಂದಿಯಿಂದ ತಿಳಿಯಿತು. ನಿಮ್ಮ ನಿಯಮದ ಪುಸ್ತಕದಲ್ಲಿ ಟಾಯರು ಬದಲಿಸುವುದು ‘ದುರಸ್ತಿ’. ಅದಕ್ಕೆ ನಿಮ್ಮ ಸಹಿ ಸಾಕು. ಸ್ಪ್ರಿಂಗ್ ಬದಲಿಸಿದರೆ ‘ಮಾರ್ಪಾಡು’. ಅದಕ್ಕೆ ಮೇಲಿನವರು ಏಕೆ, ಏನು ಎಂದು ಕೇಳುತ್ತಾರೆ. ಕೇಳಿದರೆ ಕೆಸರಿನ ವಿಷಯ ಹೇಳಬೇಕಾಗುತ್ತದೆ. ಆದ್ದರಿಂದ ದುರಸ್ತಿ ನಡೆಯಲಿ, ಮಾರ್ಪಾಡು ಬೇಡ ಎಂದು ತೀರ್ಮಾನಿಸಿದಿರಿ. ಕೆಡದ ಟಾಯರುಗಳನ್ನು ದುರಸ್ತಿ ಮಾಡಿದ ಕೀರ್ತಿ ನಿಮ್ಮದು!

ಈಗ ನನ್ನ ಪಾಲಿನ ಹೇಸಿಗೆಯನ್ನೂ ಹೇಳುತ್ತೇನೆ. ಟಾಯರುಗಳು ಅಂಗಡಿಗೆ ಬಂದಾಗ ಅಪ್ಪ ಅವುಗಳ ಸುತ್ತ ಒಮ್ಮೆ ನಡೆದು ನನ್ನನ್ನು ಕರೆದರು. “ಸ್ಪ್ರಿಂಗ್ ಹಂಗ ಇಟ್ಟು ಗಾಲಿ ಇಷ್ಟ ದೊಡ್ದು ಮಾಡಿದ್ರ, ಗಾಡಿ ಕೆಳಗ ಕುಂತಾಗ ಈ ಗಾಲಿ ಎಲ್ಲಿ ಹೋಗಬೇಕವ್ವ? ಒಲ್ಲೆ ಅಂತ ಹೇಳಿ ಕಳಸು.” ನಾನು ಒಲ್ಲೆ ಎನ್ನಲಿಲ್ಲ. ಸರಕಾರಿ ಗಾಡಿಗಳ ಕೆಲಸ ಕೈ ಬಿಟ್ಟುಹೋದೀತೆಂಬ ಹೆದರಿಕೆ ಇತ್ತು. ಹಾಕಿದೆ. ಸ್ಟೇರಿಂಗ್ ತುದಿಯವರೆಗೆ ಹೊರಳಿಸಿದಾಗ ಟಾಯರು ಮಡ್‌ಗಾರ್ಡಿಗೆ ಉಜ್ಜಿತು. ಸುತ್ತಿಗೆಯಿಂದ ಅದರ ಒಳ ಅಂಚನ್ನು ಬಡಿದು ಮಡಚಿದೆ. ಮತ್ತೆ ಹೊರಳಿಸಿದಾಗ ಉಜ್ಜಲಿಲ್ಲ. ಅಷ್ಟರಲ್ಲಿ ನಿಮ್ಮ ಜವಾನ ಒಂದು ಕಾಗದ ಮುಂದೆ ಹಿಡಿದ. ‘ಟಾಯರ್ ಅಳವಡಿಕೆ ಸಮರ್ಪಕವಾಗಿದ್ದು, ವಾಹನವು ಸಂಚಾರಕ್ಕೆ ಯೋಗ್ಯವಾಗಿದೆ’ ಎಂದು ನೀವೇ ಟೈಪು ಮಾಡಿಸಿ ಕಳಿಸಿದ್ದಿರಿ. ಸಹಿಯ ಜಾಗ ಮಾತ್ರ ಖಾಲಿಯಿತ್ತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಅಪ್ಪ ಹಾಕಿಕೊಟ್ಟದ್ದು. ಯಾವ ಜೀಪಿನ ಗಾಲಿ ಮುಟ್ಟಿದರೂ, ಬಿಡುವ ಮೊದಲು ಪಕ್ಕದ ಗಿರಣಿಯಿಂದ ಅಕ್ಕಿ ಚೀಲ ತರಿಸಿ ಹಿಂದೆ ಹೇರಿ, ಮುಂದೆ ಇಬ್ಬರನ್ನು ಕೂರಿಸಿ, ಆಗ ಸ್ಟೇರಿಂಗನ್ನು ಎರಡೂ ಕಡೆ ತುದಿಯವರೆಗೆ ತಿರುಗಿಸುವುದು. ಗಿರಣಿಯವರು ಬೈದುಕೊಂಡೇ ಚೀಲ ಕೊಡುತ್ತಾರೆ. ಅಂದು ನಾನು ಚೀಲ ತರಿಸಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಚೀಲ ಹೇರಿದರೆ ಏನು ಕಾಣುತ್ತದೆಂದು ನನಗೆ ಗೊತ್ತಿತ್ತು. ಖಾಲಿ ಜೀಪು, ಸಪಾಟು ನೆಲ, ನಿಂತ ಗಾಡಿ. ಅದನ್ನು ನೋಡಿ ಸಹಿ ಹಾಕಿದೆ. ಅಲ್ತಾಫನಿಗೆ “ಸ್ಟೇರಿಂಗ್ ಪೂರ್ತಿ ಹೊರಳಸಬ್ಯಾಡೋ” ಎಂದಷ್ಟೇ ಹೇಳಿದೆ.

ಎಂಟು ವಾರ ಏನೂ ಆಗಲಿಲ್ಲ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ತಿಳವಳ್ಳಿಯ ಆಚೆಯ ಹಳ್ಳಿಯಿಂದ ಸುಶೀಲವ್ವ ಎಂಬ ಹೆಂಗಸು ಫೋನು ಮಾಡಿದಳು. ಅವಳ ಎಮ್ಮೆಗೆ ಈಯಲಾಗದೆ ಕರು ಸಿಕ್ಕಿಕೊಂಡಿತ್ತು. ಪಶುವೈದ್ಯೆ ಡಾ. ಹರಿಪ್ರಿಯಾ, ಇಬ್ಬರು ಸಹಾಯಕರು, ಔಷಧದ ಪೆಟ್ಟಿಗೆಗಳು, ದನ ಕಟ್ಟುವ ಕಬ್ಬಿಣದ ಸಾಮಾನು, ನೀರಿನ ಕ್ಯಾನು ಎಲ್ಲ ತುಂಬಿಕೊಂಡು ಜೀಪು ಹೊರಟಿತು. ದಾರಿಯಲ್ಲಿ ಕೆರೆಯ ಏರಿ. ಏರಿಯ ಕೊನೆಯಲ್ಲಿ ರಸ್ತೆ ತಗ್ಗಿಗೆ ಇಳಿಯುತ್ತ ಬಲಕ್ಕೆ ಹೊರಳುತ್ತದೆ. ಅಲ್ತಾಫ ಬಲಕ್ಕೆ ತಿರುಗಿಸಿದ, ಜೀಪಿನ ಮೂತಿ ತಗ್ಗಿಗೆ ಕುಗ್ಗಿತು, ಎಡಗಾಲಿ ಮೇಲೇರಿ ನಾನು ಮಡಚಿದ ಅದೇ ಅಂಚಿಗೆ ಕಚ್ಚಿಕೊಂಡಿತು. ಸ್ಟೇರಿಂಗ್ ಅತ್ತಲೂ ಬರಲಿಲ್ಲ, ಇತ್ತಲೂ ಬರಲಿಲ್ಲ. ಜೀಪು ಏರಿಯಿಂದ ಜಾರಿ ಬತ್ತದ ಗದ್ದೆಗೆ ಉರುಳಿತು. ಡಾಕ್ಟರ ಹಣೆಗೆ ಏಳು ಹೊಲಿಗೆ ಬಿದ್ದವು. ಸಹಾಯಕರು ತರಚುಗಾಯಗಳಲ್ಲಿ ಪಾರಾದರು. ಎಮ್ಮೆ, ಕರು ಎರಡೂ ಸತ್ತವು.

ಆಸ್ಪತ್ರೆಗೆ ನಾನು ಹೋದಾಗ ಸುಶೀಲವ್ವ ಅಲ್ಲಿಗೆ ಬಂದಿದ್ದಳು. ಎಮ್ಮೆ ಕಳೆದುಕೊಂಡವಳು ಬೈಯಲು ಬಂದಿರಬೇಕೆಂದುಕೊಂಡೆ. ಅವಳು ಅಲ್ತಾಫನ ಕಾಲ ಹತ್ತಿರ ಕೂತು, “ಎಮ್ಮಿ ಹೋತು, ಹೋಗ್ಲಿ. ನಮ್ಮ ಮನಿಗೆ ಬರಾಕ ಹೋಗಿ ಈ ತಮ್ಮ ಕೈ ಮುರಕೊಂಡಾನಲ್ರಿ” ಎಂದು ಕಣ್ಣೊರೆಸಿಕೊಂಡಳು. ನೀವು ಬಂದಿರಲಿಲ್ಲ. ನಿಮ್ಮ ನೋಟೀಸು ಬಂದಿತ್ತು.

ಅಲ್ತಾಫ ನೋಟೀಸನ್ನು ನನ್ನ ಕೈಗಿತ್ತ. ಏರಿಯ ಮೇಲೆ ನಲವತ್ತರ ಮಿತಿಯಿದೆ, ಬೋರ್ಡೂ ಇದೆ. ತಾನು ನಲವತ್ತರಲ್ಲೇ ಇದ್ದೆ ಎಂದು ಅವನು ಹೇಳಿಕೆ ಕೊಟ್ಟಿದ್ದ. ಜೀಪಿನಲ್ಲಿ ನೀವು ಕೂರಿಸಿರುವ ಜಿಪಿಎಸ್ ಡಬ್ಬಿ ನಲವತ್ತಾರು ಎಂದು ದಾಖಲಿಸಿತ್ತು. ಆದ್ದರಿಂದ ಅತಿವೇಗ, ಆದ್ದರಿಂದ ಸುಳ್ಳು ಹೇಳಿಕೆ.

“ಅಕ್ಕಾ, ಮುಳ್ಳು ನಲವತ್ತರ ಮ್ಯಾಲ ಹೋಗಿಲ್ಲ. ನಾ ಅದನ್ನ ನೋಡಾಕತ್ತಿದ್ದೆ” ಎಂದ. ಆಮೇಲೆ, “ಇಲ್ಲಾಂದ್ರ ನನ್ನ ಕಣ್ಣಿಗೇ ಏನರ ಆಗೇತೇನೋ. ಡಬ್ಬಿ ಸುಳ್ಳ ಹೇಳತೈತೇನ?” ಎಂದು ಕೇಳಿದ.

ಮಾನ್ಯರೇ, ಡಬ್ಬಿಯೂ ಸುಳ್ಳು ಹೇಳಿಲ್ಲ, ಹುಡುಗನೂ ಸುಳ್ಳು ಹೇಳಿಲ್ಲ. ಗಾಲಿ ದೊಡ್ಡದಾದರೆ ಒಂದು ಸಲ ಸುತ್ತಿದಾಗ ಹೆಚ್ಚು ದೂರ ಹೋಗುತ್ತದೆ. ಮುಳ್ಳಿಗೆ ಅದು ಗೊತ್ತಿರುವುದಿಲ್ಲ, ಅದು ಹಳೆಯ ಗಾಲಿಯ ಲೆಕ್ಕದಲ್ಲೇ ತೋರಿಸುತ್ತದೆ. ಮುಳ್ಳು ನಲವತ್ತು ತೋರಿಸಿದಾಗ ಈ ಟಾಯರುಗಳ ಮೇಲೆ ಜೀಪು ಓಡುವುದು ಹೆಚ್ಚುಕಡಿಮೆ ನಲವತ್ತಾರರಲ್ಲಿ. ನಿಮ್ಮ ಟಾಯರು ಅವನಿಗೆ ಸುಳ್ಳು ವೇಗ ತೋರಿಸಿತು, ನಿಮ್ಮ ಡಬ್ಬಿ ನಿಮಗೆ ನಿಜ ವೇಗ ತೋರಿಸಿತು, ಎರಡರ ನಡುವೆ ಅವನು ಸುಳ್ಳುಗಾರನಾದ. ಈ ವಿಷಯ ಗಾಡಿ ಕೊಡುವಾಗ ನಾನು ಅವನಿಗೆ ಹೇಳಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅವನು ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ನೀವು ನಂಬುವುದಿಲ್ಲವೆಂದು, ವಿಚಾರಣೆಯ ದಿನ ಒಂದು ಹಳೆಯ ಟಾಯರು, ಜೀಪಿಗೆ ಹಾಕಿದ ಅಳತೆಯದೇ ಒಂದು ದೊಡ್ಡ ಟಾಯರು ಎರಡನ್ನೂ ಟೆಂಪೋದಲ್ಲಿ ಹಾಕಿಕೊಂಡು ನಿಮ್ಮ ಕಚೇರಿಗೆ ಬಂದೆ. ಅಪ್ಪನೂ ಬಂದರು. ಅಂಗಳದಲ್ಲಿ ಎರಡಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಒಂದೇ ಗೆರೆಯಿಂದ ಒಂದೊಂದೇ ಸುತ್ತು ಉರುಳಿಸಿದರು. ದೊಡ್ಡದು ಒಂದೂವರೆ ಗೇಣು ಮುಂದೆ ಹೋಗಿ ನಿಂತಿತು. ಒಂದನೇ ತರಗತಿಯ ಮಗುವಿಗೂ ಅರ್ಥವಾಗುವ ಪಾಠ. ನೀವು ವರಾಂಡದಲ್ಲಿ ನಿಂತು ಚಹಾ ಕುಡಿಯುತ್ತ ನೋಡಿದಿರಿ. ಕೆಳಗಿಳಿಯಲಿಲ್ಲ.

“ನೀವು ಟಾಯರ್ ಮಾರೋ ಮಂದಿ, ನಿಮ್ಮ ಲೆಕ್ಕ ನಿಮಗ. ನನ್ನ ಕಡೆ ನಿಮ್ಮ ಸರ್ಟಿಫಿಕೇಟೇ ಐತಿ. ಗಾಡಿ ಛಲೋ ಐತಿ ಅಂತ ನೀವೇ ಬರದು ಕೊಟ್ಟೀರಿ” ಎಂದಿರಿ.

ಹೌದು, ನಿಮ್ಮ ಇಡೀ ವಾದ ನಿಂತಿರುವುದು ನನ್ನ ಆ ಒಂದು ಸಹಿಯ ಮೇಲೆ. ನುರಿತ ತಂತ್ರಜ್ಞೆ ಜೀಪು ಯೋಗ್ಯವೆಂದಿದ್ದಾಳೆ, ಆದ್ದರಿಂದ ತಪ್ಪು ಚಾಲಕನದು. ಸ್ಟೇರಿಂಗ್ ಕಚ್ಚಿಕೊಂಡಿತು ಎಂದು ಡಾ. ಹರಿಪ್ರಿಯಾ ಬರೆದುಕೊಟ್ಟ ಹೇಳಿಕೆಯ ಅಂಚಿನಲ್ಲಿ ನೀವು ‘ಪಶುವೈದ್ಯರು ಮೋಟಾರು ತಜ್ಞರಲ್ಲ’ ಎಂದು ಟಿಪ್ಪಣಿ ಹಾಕಿದ್ದೀರಿ. ಒಪ್ಪಿದೆ. ಟಾಯರಿನ ಅಳತೆ ನಿಗದಿ ಮಾಡಿದ ತಾವು ಯಾವ ತಜ್ಞರು? ಅಲ್ತಾಫನಿಗೆ ಬರುವುದು ಗಾಡಿ ಓಡಿಸುವ ವಿದ್ಯೆಯೊಂದೇ. ಲೈಸೆನ್ಸ್ ಹೋದರೆ ಅವನು ಏನು ಮಾಡಬೇಕೆಂದು ಒಂದು ಕ್ಷಣವಾದರೂ ಯೋಚಿಸಿದ್ದೀರಾ?

ಇಷ್ಟಾದರೂ ನಾನು ಈ ಬಹಿರಂಗ ಪತ್ರ ಬರೆಯುತ್ತಿರಲಿಲ್ಲವೇನೋ. ನಿನ್ನೆ ನಿಮ್ಮ ಕಚೇರಿಯಿಂದ ಒಂದು ಫೋನು ಬಂತು. “ಅಕ್ಕಾರ, ಸೋಮವಾರ ಗಾಡಿ ನೋಡಾಕ ಮ್ಯಾಲಿನ ಇನ್‌ಸ್ಪೆಕ್ಟರ್ ಬರ್ತಾರ್ರಿ. ಅದರೊಳಗ ಹಳೇ ಟಾಯರ್ ಹಾಕಿ ಕೊಡ್ಬೇಕಂತ ಸಾಹೇಬ್ರು ಹೇಳ್ಯಾರ. ಮಡ್‌ಗಾರ್ಡೂ ನೆಟ್ಟಗ ಮಾಡ್ಬೇಕಂತ.” ಅಂದರೆ ಇನ್‌ಸ್ಪೆಕ್ಟರು ಬಂದಾಗ ಜೀಪು ಕಂಪನಿಯಿಂದ ಇಳಿದ ಹಾಗೆ ಇರಬೇಕು. ಟಾಯರು ಸರಿ, ಮುಳ್ಳು ಸರಿ, ಸರಿಯಿಲ್ಲದವನು ಅಲ್ತಾಫ ಒಬ್ಬನೇ. ಇಷ್ಟು ಕೊಳಕು ಕೆಲಸವನ್ನು ಇಷ್ಟು ಮರ್ಯಾದೆಯ ದನಿಯಲ್ಲಿ ಹೇಳಿಸಲು ಕಲಿತಿರಲ್ಲ, ನಿಮ್ಮನ್ನು ಏನೆಂದು ಕರೆಯಲಿ?

ಆದ್ದರಿಂದ ಕೇಳಿ. ಅಂದು ಬಿಚ್ಚಿಟ್ಟ ನಿಮ್ಮ ಹಳೆಯ ಟಾಯರು ನಾಲ್ಕೂ ನನ್ನ ಅಂಗಡಿಯಲ್ಲಿವೆ. ತಪಾಸಣೆ ಮುಗಿಯುವವರೆಗೆ ಕೊಡುವುದಿಲ್ಲ. ಸರಕಾರಿ ಸ್ವತ್ತು ಇಟ್ಟುಕೊಂಡಳೆಂದು ದೂರು ಕೊಡುವುದಿದ್ದರೆ ಇವತ್ತೇ ಕೊಡಿ. ಜೀಪಿನ ಒಂದು ಬೋಲ್ಟನ್ನೂ ಯಾರೂ ಮುಟ್ಟಬಾರದು. ಗದ್ದೆಯಿಂದ ಎತ್ತಿದ ದಿನವೇ ಡಾ. ಹರಿಪ್ರಿಯಾ ಅದರ ನಾಲ್ಕೂ ಗಾಲಿಗಳ ಫೋಟೋ ತೆಗೆದಿದ್ದಾರೆ, ಬೇರೆ ಅಂಗಡಿಗೆ ಒಯ್ದರೂ ಮುಚ್ಚಿಡಲಾಗದು. ಸೋಮವಾರ ಆ ಇನ್‌ಸ್ಪೆಕ್ಟರು ಜೀಪಿಗೆ ಅಂದಿನಷ್ಟೇ ಭಾರ ಹೇರಿಸಿ, ಕಚ್ಚಿಕೊಂಡ ಎಡಗಾಲಿಯನ್ನೂ ಕಚ್ಚದ ಬಲಗಾಲಿಯನ್ನೂ ನೋಡಲಿ, ಅಂಗಳದಲ್ಲಿ ಗಾಲಿ ಉರುಳಿಸಿ ಅಳೆಯಲಿ. ಅಲ್ತಾಫನೂ ಅಲ್ಲಿರಲಿ. ಅವನ ಕಣ್ಣು ಸರಿಯಿದೆ ಎಂದು ಅವನಿಗೆ ನೀವೇ ಹೇಳಬೇಕು. ಅವನ ಮೇಲಿನ ಮೂರೂ ಆರೋಪ ಕೈಬಿಡಬೇಕು, ಲೈಸೆನ್ಸಿನ ಶಿಫಾರಸು ವಾಪಸು ಪಡೆಯಬೇಕು, ಹೆಗಲು ಕೂಡಿದ ದಿನ ಅವನು ಕೆಲಸಕ್ಕೆ ಹಾಜರಾಗುವಂತೆ ಆದೇಶ ಬರೆಯಬೇಕು.

ನಾನು ಕೊಟ್ಟ ಪ್ರಮಾಣಪತ್ರವನ್ನು ಈ ಮೂಲಕ ಎಲ್ಲರೆದುರು ಹಿಂದಕ್ಕೆ ಪಡೆಯುತ್ತಿದ್ದೇನೆ. ಅದರಲ್ಲಿ ಬರೆದದ್ದು ಸುಳ್ಳು. ಕೇಸಿನಿಂದ ಅಲ್ತಾಫನ ಹೆಸರು ಹೊಡೆದು ಆ ಜಾಗದಲ್ಲಿ ನನ್ನ ಹೆಸರು ಬರೆಯಿರಿ, ಕರೆದಲ್ಲಿಗೆ ಬಂದು ನಿಲ್ಲುತ್ತೇನೆ. ನನ್ನ ಹೆಸರಿನ ಮೇಲೆ ಒಂದು ಸಾಲು ಖಾಲಿ ಬಿಡಿ. ಅಲ್ಲಿ ಯಾರ ಹೆಸರು ಬರಬೇಕೆಂಬುದನ್ನು ದೊಡ್ಡ ಟಾಯರಿನ ಆದೇಶದ ಕೆಳಗಿರುವ ಸಹಿ ನೋಡಿ ಬರೆದುಕೊಳ್ಳಿ.

ಇಂತಿ,
ಆಗದೆಂದು ಗೊತ್ತಿದ್ದೂ ಆಗುತ್ತದೆಂದು ಬರೆದುಕೊಟ್ಟ,
ಸುಮಯ್ಯ ಫಕ್ರುಸಾಬ ಸವಣೂರ
ಟಾಯರ್ ಅಂಗಡಿ, ಅಕ್ಕಿಆಲೂರು