ನಮ್ಮವರೇ ಗೆದ್ರು

ಇವಳೇ,

ನೀನು ಹೋದ ಮೇಲೆ ಇವತ್ತೇ ಮೊದಲ ಸಲ ಫುಟ್‌ಬಾಲ್ ನೋಡಲು ಹೋಗಿದ್ದೆ. ನೋಡುವುದೇನು ಬಂತು, ಮಣ್ಣಂಗಟ್ಟಿ! ಈ ಕಣ್ಣಿಗೆ ಮೈದಾನವೆಂದರೆ ಬರೀ ಹಸಿರು ಮಂಜು. ಆಗೆಲ್ಲ ನೀನು ಪಕ್ಕದಲ್ಲಿ ಕೂತು, "ಅವರ ಗೋಲ್‌ಕೀಪರ್ ಹಾಲು ಉಕ್ಕಿಸಿಬಿಟ್ಟ ರೀ, ನಮಗೆ ಗೋಲು!" ಎಂದು ನಿನ್ನದೇ ಅಡುಗೆಮನೆ ಭಾಷೆಯಲ್ಲಿ ಆಟ ಹೇಳುತ್ತಿದ್ದೆ.

ಇವತ್ತು ಕೂಗು ಎದ್ದಾಗ ನಾನೂ ಚಪ್ಪಾಳೆ ತಟ್ಟಿದೆ.

"ಯಜಮಾನ್ರೇ, ಗೋಲು ಹೊಡೆದಿದ್ದು ಅವರು" ಎಂದ ಪಕ್ಕದವನು.

"ಹೋಗೋ! ಹೋದ ವರ್ಷ ನಮ್ಮವರು ಒಂದಾಟನೂ ಸೋತಿಲ್ಲ."

"ಒಂದಾಟನೂ ಗೆದ್ದಿಲ್ಲ ಅನ್ನಿ. ಅದಕ್ಕೇ ಲೀಗಿನಲ್ಲಿ ಈ ಕೊನೇ ದರ್ಜೆಗೆ ಬಿದ್ದಿರೋದು."

ಸುತ್ತಲಿದ್ದವರೆಲ್ಲ ನಕ್ಕರು. ಅವನ ಕೊರಳಪಟ್ಟಿ ಹಿಡಿಯಲು ಹೋದೆ. ಕೈಗೆ ಸಿಕ್ಕಿದ್ದು ಕಬ್ಬಿಣದ ಕಂಬಿ.

ಪ್ರತಿ ಸಲವೂ ನೀನು "ನಮ್ಮವರೇ ಗೆದ್ರು, ಏಳಿ ಹೋಗೋಣ" ಎನ್ನುತ್ತಿದ್ದೆಯಲ್ಲೇ. ಸೋತರೆಂದು ಹೇಳಿದರೆ ಮನೆಯಲ್ಲಿ ತಟ್ಟೆ ಹಾರುತ್ತದೆಂದು ಹೆದರಿದ್ದೆಯಾ?

ನೀನು ಆಸ್ಪತ್ರೆಯಿಂದ ಬಂದ ದಿನವೂ ಅದೇ ದನಿಯಲ್ಲಿ, "ಏನೂ ಇಲ್ವಂತೆ ರೀ, ಬರೀ ಸುಸ್ತು" ಎಂದಿದ್ದೆ. ನಿನ್ನ ಮುಖ ನನಗೆಲ್ಲಿ ಕಾಣಬೇಕು? ನಾನೋ, ಹಾಗಾದರೆ ಊಟಕ್ಕೆ ಬಡಿಸು ಎಂದೆ.

ಒಂದೇ ಒಂದು ಸಲ ಬಂದು ಇನ್ನೊಂದು ಸುಳ್ಳು ಹೇಳೇ. ನಂಬುತ್ತೇನೆ.