ಆ ಒಂದು ಸಾಲು ತೆಗೆಯಿರಿ

ವಕೀಲ ಮೇಡಂ ಅವರಿಗೆ, ಹೊಲಿಗೆ ಅಂಗಡಿಯವಳ ನಮಸ್ಕಾರ.

ವಿಚ್ಛೇದನದ ಅರ್ಜಿ ಓದಿದೆ. ಚೆನ್ನಾಗಿ ಬರೆದಿದ್ದೀರಿ, ನನ್ನ ಗಂಡ ಇಷ್ಟು ಕೆಟ್ಟವನೆಂದು ನನಗೇ ಗೊತ್ತಿರಲಿಲ್ಲ. ಕುಡಿತ, ಜಗಳ ಇರಲಿ, ಅವು ನಿಜ. ಆದರೆ "ತಂದೆಗೆ ಮಗಳ ಮೇಲೆ ಗಮನವೇ ಇಲ್ಲ" ಎಂಬ ಸಾಲು ಬೇಡ. ಕೇಸು ನಿಂತಿರುವುದೇ ಅದರ ಮೇಲೆ ಎನ್ನುತ್ತೀರಿ, ಗೊತ್ತು.

ಮೊನ್ನೆ ಮಗಳು ಅವನ ಮನೆಯಿಂದ ನೇರ ಶಾಲೆಗೆ ಹೋಗಿ, ಸಂಜೆ ಅಂಗಡಿಗೆ ಬಂದಳು. ಗಿಡ್ಡವಾಗಿದ್ದ ಲಂಗ ಮೊಣಕಾಲು ಮುಚ್ಚಿತ್ತು. ಅಂಚಿನ ಮಡಿಕೆ ಬಿಚ್ಚಿ, ಹಳೆಯ ಗೆರೆ ಕಾಣದಂತೆ ಇಸ್ತ್ರಿ ಮಾಡಿ, ಕೈಯಲ್ಲೇ ಹೊಲಿದಿದ್ದಾನೆ. ಆ ಹೊಲಿಗೆ ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಒಂದೇ ಮೇಜಿನಲ್ಲಿ ದುಡಿದವರು ನಾವು.

"ಎಷ್ಟು ಬೇಗ ಉದ್ದ ಆಗ್ಬಿಟ್ಟೆ ಕಣೇ ಅಂದ್ರು ಅಪ್ಪ" ಎಂದಳು. ಊರಿಗೆಲ್ಲ ಅಳತೆ ತೆಗೆಯುವ ನನಗೆ ಮನೆಯ ಹುಡುಗಿ ಬೆಳೆದದ್ದು ಕಂಡಿರಲಿಲ್ಲ.

ಮಗಳು ನನ್ನ ಹತ್ತಿರವೇ ಇರಬೇಕು, ಅದರಲ್ಲಿ ಚೌಕಾಸಿಯಿಲ್ಲ. ಆ ಸಾಲಿಲ್ಲದೆ ಗೆಲ್ಲುವ ದಾರಿ ಹುಡುಕಿ. ಸೋತರೆ ಎಂದು ಯೋಚಿಸಿದರೆ ಸೂಜಿಗೆ ದಾರ ಹೋಗುತ್ತಿಲ್ಲ.

ಲಂಗದ ಒಳಗೆ ಇನ್ನೊಂದು ಮಡಿಕೆ ಉಳಿಸಿದ್ದಾನೆ, ಮುಂದಿನ ವರ್ಷಕ್ಕೆ. ಅದನ್ನು ಬಿಚ್ಚಲು ಭಾನುವಾರಗಳು ಅವನಿಗಿರಲಿ ಎಂದು ಬರೆಯಿರಿ.

ಇಂತಿ,
ನಿಮ್ಮ ಕಕ್ಷಿದಾರಳು